ಸಾಸಿವೆ ಕಾಳಿಗೆ ಬಿದ್ದ ಬೀಗ

ನಮ್ಮ ಭಾಗದ ಆರೋಗ್ಯಾಧಿಕಾರಿಯವರಿಗೆ, ಎಲ್ಲರೂ ಓದುವಂತೆ

ಮಾನ್ಯರೇ,

ತುರ್ಭೆಯ ಭಜನಾ ಮಂಡಳಿಯ ಹಿಂದಿನ ಕೋಣೆಗೆ ತಾವು ಬೀಗ ಹಾಕಿಸಿ ಒಂದು ಇಡೀ ಮಳೆಗಾಲ ಕಳೆಯಿತು. ಆ ಕೋಣೆಯಲ್ಲಿ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನ ಡಾಕ್ಟರ್ ಜಯಶೀಲ ಎಂಬವರು ನೋವಿನವರಿಗೆ ಸೂಜಿ ಚುಚ್ಚಿ ಚಿಕಿತ್ಸೆ ಕೊಡುತ್ತಿದ್ದರು. ಅದಕ್ಕೆ ಲೋಕದಲ್ಲಿ ಅಕ್ಯುಪಂಕ್ಚರ್ ಎಂದು ಹೆಸರು. ತಮ್ಮ ನೋಟೀಸಿನಲ್ಲಿ ಮಾತ್ರ ಅಂಧಶ್ರದ್ಧೆ ಎಂದಿದೆ. ಆ ಬೀಗ ತೆಗೆಸಿ ಎಂದು ಕೇಳುವುದಕ್ಕೆ ಈ ಪತ್ರ. ಇಷ್ಟನ್ನೇ ತಮಗೆ ಇಂಗ್ಲಿಷಿನಲ್ಲಿ ಎರಡು ಸಲ ಬರೆದಿದ್ದೆ. ಎರಡು ಸಲವೂ ವಿಷಯ ವಿಚಾರಾಧೀನವಾಗಿದೆ ಎಂದು ಮರಾಠಿಯಲ್ಲಿ ಉತ್ತರ ಬಂತು. ವಿಚಾರವೇನೋ ನಡೆಯುತ್ತಿರಬಹುದು, ಅದು ಮೇಜಿನ ಯಾವ ಮೂಲೆಯಿಂದ ಯಾವ ಮೂಲೆಗೆ ನಡೆಯುತ್ತಿದೆ ಎಂದು ಮಾತ್ರ ತಿಳಿಯಲಿಲ್ಲ. ಆದ್ದರಿಂದ ಈ ಸಲ ಕನ್ನಡದಲ್ಲಿ, ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮಗೆ ಕನ್ನಡ ಬರುತ್ತದೆಂದು ನನಗೆ ಹೇಗೆ ಗೊತ್ತಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದು ವೇಳೆ ತಾವು ಓದದೆ ಬಿಟ್ಟರೂ, ಆ ಕೋಣೆ ಯಾರಿಗೆ ಬೇಕೋ ಅವರಿಗೆ ಇದನ್ನು ಯಾರಾದರೂ ಓದಿ ಹೇಳಿಯಾರು. ಇಂಗ್ಲಿಷಿನಲ್ಲಿ ಬರೆದಾಗ ಆ ಅನುಕೂಲವೂ ಇರಲಿಲ್ಲ.

ನಾನು ವಾಶಿಯ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಮನೆಮಾತು ತುಳು. ಕನ್ನಡವನ್ನು ಅಮ್ಮನಿಗೆ ಪತ್ರಿಕೆ ಓದಿ ಹೇಳುತ್ತ ಕಲಿತೆ. ಹಾಗಾಗಿ ನನ್ನ ಕನ್ನಡ ಸ್ವಲ್ಪ ಸಂಪಾದಕೀಯದ ಹಾಗೆ ಕೇಳಿಸಿದರೆ ಕ್ಷಮಿಸಬೇಕು. ಎರಡು ವರ್ಷದ ಹಿಂದೆ ನನ್ನ ಬಲ ಭುಜ ಹಿಡಿದುಕೊಂಡಿತು. ಕೈ ಎದೆಯ ಮಟ್ಟದಿಂದ ಮೇಲೆ ಏಳುತ್ತಿರಲಿಲ್ಲ. ಕರಿಹಲಗೆಯ ಕೆಳಗಿನ ಅರ್ಧದಲ್ಲೇ ಪಾಠ ಮುಗಿಸುವುದನ್ನು ಕಲಿತೆ. ಬೆಳಕಿನ ಕಿರಣಗಳೆಲ್ಲ ಆ ವರ್ಷ ನನ್ನ ತರಗತಿಯಲ್ಲಿ ನೆಲಕ್ಕೆ ಹತ್ತಿರವಾಗಿಯೇ ಬಾಗಿದವು. ಎಲುಬಿನ ಡಾಕ್ಟರು ಎಕ್ಸರೇ ನೋಡಿ, ಇದಕ್ಕೆ ಭುಜ ಹೆಪ್ಪುಗಟ್ಟುವುದು ಎನ್ನುತ್ತೇವೆ, ಈ ವಯಸ್ಸಿನ ಹೆಂಗಸರಿಗೆ ಬರುತ್ತದೆ, ತಾನಾಗಿ ಬಿಡುತ್ತದೆ ಎಂದರು. ಯಾವಾಗ ಎಂದು ಕೇಳಿದೆ. ಅದು ಬಿಟ್ಟಾಗ ಎಂದರು. ವಿಜ್ಞಾನದಲ್ಲಿ ಇಷ್ಟು ಪ್ರಾಮಾಣಿಕವಾದ ಉತ್ತರ ಅಪರೂಪ. ಆದರೆ ಅಷ್ಟರವರೆಗೆ ತಲೆ ಬಾಚಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನನ್ನ ಬಳಿಯೇ ಉಳಿಯಿತು.

ನಮ್ಮ ಕಡೆಯ ಚೆನ್ನಯ ಎಂಬವರು ತುರ್ಭೆಯಲ್ಲಿ ಹೋಟೆಲು ನಡೆಸುತ್ತಾರೆ, ಭಜನಾ ಮಂಡಳಿಯ ಅಧ್ಯಕ್ಷರೂ ಹೌದು. ಅವರೇ ನನ್ನನ್ನು ಆ ಕೋಣೆಗೆ ಕಳಿಸಿದವರು. ಅವರು ಡಾಕ್ಟರಮ್ಮ ಜಯಶೀಲ ಅವರ ಮೊದಲ ರೋಗಿ. ಮೂವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತು ಹಿಮ್ಮಡಿ ನೋವು. ಸೂಜಿಯಿಂದ ಗುಣವಾಯಿತೇ ಎಂದು ಕೇಳಿದೆ. “ಇಲ್ಲ ಮಾರಾಯ್ರೆ, ನನಗೆ ಒಂದು ಚೂರೂ ಆಗ್ಲಿಲ್ಲ. ಆದ್ರೆ ಮಲಗಿದ ಕೂಡ್ಲೆ ನಿದ್ರೆ ಬಂತು. ಹೋಟೆಲಿನವನಿಗೆ ಮಧ್ಯಾಹ್ನ ನಿದ್ರೆ ಯಾರು ಕೊಡ್ತಾರೆ?” ಎಂದರು. ಆ ನಿದ್ರೆಯ ಋಣಕ್ಕೆ ಮಂಡಳಿಯ ಹಿಂದಿನ ಕೋಣೆಯನ್ನು ಡಾಕ್ಟರಮ್ಮನಿಗೆ ಬಿಟ್ಟುಕೊಟ್ಟಿದ್ದರು. ಗುಣವಾಗದ ರೋಗಿಯೊಬ್ಬ ಕೋಣೆ ಕೊಡುತ್ತಾನೆ. ರೋಗವನ್ನೇ ಹೇಳಿಕೊಳ್ಳದ ಅಧಿಕಾರಿಯೊಬ್ಬರು ಅದನ್ನು ಮುಚ್ಚುತ್ತಾರೆ.

ಡಾಕ್ಟರ್ ಜಯಶೀಲ ಅವರ ಬಗ್ಗೆ ತಮ್ಮ ನೋಟೀಸಿನಲ್ಲಿ ‘ಸದರಿ ಮಹಿಳೆ’ ಎಂದಿದೆ. ಸದರಿ ಮಹಿಳೆ ಎಂ.ಬಿ.ಬಿ.ಎಸ್. ಓದಿ, ಕಾರ್ಖಾನೆಯೊಂದರ ದವಾಖಾನೆಯಲ್ಲಿ ನಿವೃತ್ತಿಯವರೆಗೆ ಕೆಲಸ ಮಾಡಿದವರು. ಕಾರ್ಮಿಕರ ನೋವಿಗೆ ಅದೇ ಮಾತ್ರೆಗಳನ್ನು ಬರೆದು ಬರೆದು ಬೇಸತ್ತು, ಕೊನೆಗೆ ಕೊಲಂಬೊಕ್ಕೆ ಹೋಗಿ ಈ ವಿದ್ಯೆ ಕಲಿತು ಬಂದರು. ಮೊದಲ ದಿನವೇ ನಾನು ಅವರನ್ನು ತರಗತಿಯಲ್ಲಿ ಹುಡುಗರು ನನ್ನನ್ನು ಕೇಳುವಂತೆ ಕೇಳಿದೆ. ದೇಹದಲ್ಲಿ ಶಕ್ತಿಯ ನದಿಗಳಿವೆ ಎನ್ನುತ್ತೀರಲ್ಲ, ಹೆಣ ಕೊಯ್ದಾಗ ಒಂದಾದರೂ ಕಂಡಿತೇ ಎಂದೆ. ಕಾಣಲಿಲ್ಲ ಎಂದರು. ಹಾಗಾದರೆ ನಂಬುವುದು ಹೇಗೆ ಎಂದೆ. ನಂಬಬೇಡಿ, ಭುಜ ಸಡಿಲ ಬಿಡಿ, ಅಷ್ಟು ಸಾಕು ಎಂದು ಹೇಳಿ ಮೊದಲ ಸೂಜಿ ಹಾಕಿಯೇ ಬಿಟ್ಟರು. ಅದೂ ಭುಜಕ್ಕಲ್ಲ, ಮೊಣಕಾಲಿನ ಕೆಳಗೆ. ನೋವು ಮೇಲಿದ್ದರೆ ಸೂಜಿ ಕೆಳಗೆ. ತಮ್ಮ ಇಲಾಖೆಯಲ್ಲೂ ಇದೇ ಕ್ರಮ ಇರುವಂತೆ ಕಾಣುತ್ತದೆ.

ಕೆಲವು ತಿಂಗಳಲ್ಲಿ ನನ್ನ ಕೈ ಎದ್ದಿತು. ಇದು ಸೂಜಿಯಿಂದಲೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಎಲುಬಿನ ಡಾಕ್ಟರು ಹೇಳಿದ ‘ಅದು ಬಿಟ್ಟಾಗ’ ಎಂಬ ಗಳಿಗೆ ಅದೇ ಇದ್ದೀತು. ಅರ್ಧ ಗಂಟೆ ಅಲುಗಾಡದೆ ಮಲಗಿದ್ದರಿಂದ ಇದ್ದೀತು. ನನ್ನಂಥ ಹೆಂಗಸನ್ನು ಬೇರೊಬ್ಬರು, ಎಲ್ಲಿ ನೋಯುತ್ತದೆ, ಒತ್ತಿದರೆ ಹೇಗಾಗುತ್ತದೆ, ರಾತ್ರಿ ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ತಾಳ್ಮೆಯಿಂದ ಕೇಳಿದ್ದರಿಂದಲೇ ಇದ್ದೀತು. ಅದನ್ನು ಹಿಂದೆ ಯಾರೂ ಕೇಳಿರಲಿಲ್ಲ. ಇದನ್ನೆಲ್ಲ ನಾನೇ ಮುಂದಾಗಿ ಹೇಳುವುದಕ್ಕೆ ಕಾರಣವಿದೆ. ತಾವು ಮುಚ್ಚಿದ್ದು ಒಂದು ಪವಾಡದ ಅಂಗಡಿಯನ್ನು ಎಂದು ನಾನು ವಾದಿಸುತ್ತಿಲ್ಲ. ಅಲ್ಲಿ ಕೆಲವರಿಗೆ ಗುಣವಾಯಿತು, ಕೆಲವರಿಗೆ ಆಗಲಿಲ್ಲ. ಕಿವಿ ಕೇಳಿಸದೆ ಬಂದ ಒಬ್ಬರನ್ನು ಡಾಕ್ಟರಮ್ಮ, ಇದು ನನ್ನಿಂದ ಆಗುವುದಲ್ಲ ಎಂದು ವಾಪಸು ಕಳಿಸಿದರು. ಇದು ನನ್ನಿಂದ ಆಗುವುದಲ್ಲ ಎನ್ನುವ ಮಂತ್ರವಾದಿಯನ್ನು ತಾವು ಎಲ್ಲಾದರೂ ನೋಡಿದ್ದೀರಾ?

ಈಗ ಮಂತ್ರದ ವಿಷಯಕ್ಕೇ ಬರುತ್ತೇನೆ, ಯಾಕೆಂದರೆ ಬೀಗ ಬಿದ್ದದ್ದು ಅದಕ್ಕೆ. ಸೂಜಿಯ ಜೊತೆಗೆ ಈ ಪದ್ಧತಿಯಲ್ಲಿ ಇನ್ನೊಂದು ಉಪಾಯವಿದೆ. ಕಿವಿಯ ಹಾಲೆಯ ಮೇಲೆ, ಬೇರೆ ಬೇರೆ ಅಂಗಗಳಿಗೆ ಸಂಬಂಧಿಸಿದ ಬಿಂದುಗಳಿವೆಯಂತೆ. ಅಲ್ಲೊಂದು ಸಣ್ಣ ಗಟ್ಟಿ ಬೀಜವನ್ನು ಅಂಟುಪಟ್ಟಿಯಿಂದ ಅಂಟಿಸಿ ಕಳಿಸುತ್ತಾರೆ. ಮನೆಯಲ್ಲೋ ಕೆಲಸದ ಜಾಗದಲ್ಲೋ ನೋವು ಬಂದಾಗ ಅದನ್ನು ಬೆರಳಿನಿಂದ ಒತ್ತಿಕೊಂಡರೆ ಸ್ವಲ್ಪ ಹಗುರ. ಡಾಕ್ಟರಮ್ಮ ಕೊಲಂಬೊದಿಂದ ತಂದ ಬೀಜಗಳು ಮುಗಿದವು. ಉರುಟಾಗಿ ಗಟ್ಟಿಯಾಗಿರುವ ಯಾವ ಕಾಳಾದರೂ ಆದೀತು ಎಂದು ಅವರು ಸಾಸಿವೆ ಬಳಸತೊಡಗಿದರು. ತುರ್ಭೆಯ ಬೆವರಿಗೆ ಅಂಟುಪಟ್ಟಿ ನಿಲ್ಲಲಿಲ್ಲ, ತುರಿಕೆ ಬೇರೆ. ಆಗ ನಮ್ಮ ಹೆಂಗಸರು ತಮ್ಮದೇ ದಾರಿ ಕಂಡುಕೊಂಡರು. ಹಣೆಗೆ ಹಚ್ಚುವ ಟಿಕಳಿಯ ಹಿಂಬದಿಯ ಅಂಟಿಗೆ ಒಂದು ಸಾಸಿವೆ ಕಾಳು ಕೂರಿಸಿ, ಅದನ್ನು ಕಿವಿಗೆ ಒತ್ತುವುದು. ಅದು ಬೆವರಿಗೂ ಬೀಳಲಿಲ್ಲ, ನೀರಿಗೂ ಬೀಳಲಿಲ್ಲ. ಮಂಗಳವಾರ ಮಧ್ಯಾಹ್ನ ಆ ಕೋಣೆಯ ಹೊರಗೆ ನಿಂತು ನೋಡಿದರೆ, ಸಾಲಾಗಿ ಕೂತ ಹೆಂಗಸರ ಕಿವಿಯೊಳಗೆ ಕೆಂಪು, ಮೆರೂನ್, ಹಬ್ಬ ಹತ್ತಿರ ಬಂದರೆ ಮಿಂಚಿನ ಚುಕ್ಕಿ ಇರುವ ಟಿಕಳಿಗಳು. ಮೊದಲ ಸಲ ಕಂಡಾಗ ನಾನೂ ಬೆಚ್ಚಿದ್ದೆ. ಒಂದು ತಿಂಗಳಲ್ಲಿ ನನ್ನ ಕಿವಿಯಲ್ಲೂ ಒಂದಿತ್ತು. ಶಾಲೆಗೆ ಹೋಗುವಾಗ ಕೂದಲು ಮುಂದಕ್ಕೆ ಬಾಚಿ ಮುಚ್ಚಿಕೊಳ್ಳುತ್ತಿದ್ದೆ.

ಇಲ್ಲಿಗೆ ನಿಂತಿದ್ದರೆ ಬೀಗದ ಮಾತೇ ಇರುತ್ತಿರಲಿಲ್ಲ. ಆದರೆ ಹಳೆಯ ಕಾಳನ್ನು ಕಿತ್ತು ಹೊಸದು ಹಚ್ಚುವಾಗ ಹಳೆಯದನ್ನು ಏನು ಮಾಡುವುದು ಎಂಬ ಪ್ರಶ್ನೆ ಬಂತು. ಡಾಕ್ಟರಮ್ಮ ಕಸದ ಡಬ್ಬಿ ತೋರಿಸಿದರು. ನನ್ನ ಪಕ್ಕದ ಚಾಪೆಯಲ್ಲಿ ಮಲಗುತ್ತಿದ್ದ ಶರಣಬಸಮ್ಮನಿಗೆ ಅದು ಸರಿಬರಲಿಲ್ಲ. ಇವರು ಕಲಬುರಗಿ ಕಡೆಯವರು. ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಆರಿಸುವ ಕೆಲಸ. ಗಂಡ ಸೈದಪ್ಪ ಅಲ್ಲಿಯೇ ಹಮಾಲಿ. ಬೆಳಗಿನಿಂದ ಸಂಜೆಯವರೆಗೆ ಕುಕ್ಕರಗಾಲಿನಲ್ಲಿ ಕೂತು, ಸೊಂಟದಿಂದ ಹಿಮ್ಮಡಿಯವರೆಗೆ ಒಂದೇ ಎಳೆಯಾಗಿ ಉರಿಯುವ ನೋವು. “ವಾರಗಟ್ಲೆ ನೋವ್ ಕುಡ್ದ ಕಾಳ್ರೀ ಅಕ್ಕೋರೆ ಇದು. ಕಸದಾಗ ಒಗದ್ರ, ಹಾದ್ಯಾಗ ಬಿದ್ರ, ತುಳ್ದೋರಿಗಿ ಹತ್ತಲ್ಲೇನ್ರಿ?” ಎಂದು ನನ್ನನ್ನು ಕೇಳಿದರು. ನಾನು ವಿಜ್ಞಾನದ ಶಿಕ್ಷಕಿಯಾಗಿ ಹತ್ತುವುದಿಲ್ಲ ಎಂದೆ. ನನ್ನ ಮುಖವನ್ನು ಪಾಪ ಎನ್ನುವ ಹಾಗೆ ನೋಡಿದರು. ಮರುವಾರ ಅವರು ಮಂಡಳಿಯ ಅಂಗಳದಲ್ಲಿ ಒಂದು ಹಳೆಯ ತಗಡಿನ ಡಬ್ಬಿಯಲ್ಲಿ ಕೆಂಡ ಇಟ್ಟುಕೊಂಡು, ದೃಷ್ಟಿ ತೆಗೆದ ಸಾಸಿವೆಯನ್ನು ಬೆಂಕಿಗೆ ಹಾಕುವಂತೆ, ಕಿವಿಯಿಂದ ಕಿತ್ತ ಕಾಳನ್ನು ಅದಕ್ಕೆ ಹಾಕಿ ಚಟ್ ಎಂದು ಸಿಡಿಯುವವರೆಗೆ ಕಾದು, ತೂ ಎಂದು ಉಗಿದು ಒಳಗೆ ಬಂದರು. ಉಳಿದವರೂ ಹಿಂದೆಯೇ ಶುರು ಮಾಡಿದರು. ಜೋರಾಗಿ ಸಿಡಿದರೆ ನೋವು ಹೆಚ್ಚು ಬಂತು, ಸುಮ್ಮನೆ ಸುಟ್ಟರೆ ಇನ್ನೂ ಒಳಗೇ ಕೂತಿದೆ ಎಂದು ತಮ್ಮಲ್ಲೇ ಲೆಕ್ಕ. ಡಾಕ್ಟರಮ್ಮ ಬೈದರು, ನಕ್ಕರು, ಮತ್ತೆ ಬೈದರು. ಯಾರೂ ಕೇಳಲಿಲ್ಲ.

ನಾನು ಇದನ್ನು ಸಮರ್ಥಿಸುತ್ತಿಲ್ಲ. ಕಾಳು ನೋವು ಕುಡಿಯುವುದಿಲ್ಲ. ಆದರೆ ಯೋಚಿಸಿ ನೋಡಿದಾಗ ಒಂದು ಸಣ್ಣ ಸಂಶಯ ಬರುತ್ತದೆ. ರೋಗಿಯ ಮೈಮೇಲಿಂದ ತೆಗೆದದ್ದನ್ನು ದಾರಿಯಲ್ಲಿ ಬಿಸಾಡಬಾರದು, ಇನ್ನೊಬ್ಬರಿಗೆ ಹತ್ತಬಾರದು, ಸುಟ್ಟುಬಿಡಬೇಕು ಎಂಬ ನಿಯಮ ತಮ್ಮ ಇಲಾಖೆಯದ್ದೇ ಅಲ್ಲವೇ? ತಾವು ಅದನ್ನು ಆಸ್ಪತ್ರೆಗಳ ಗೋಡೆಯ ಮೇಲೆ ಬರೆಸುತ್ತೀರಿ. ಗೋಡೆಯ ಹಿಂದೆ ರಕ್ತದ ಹತ್ತಿ ನಾಯಿಗಳ ಬಾಯಲ್ಲಿರುತ್ತದೆ. ತುರ್ಭೆಯ ಹೆಂಗಸರು ಗೋಡೆಯ ಮೇಲೆ ಬರೆಯದೆ ಸುಟ್ಟರು. ಕಾರಣ ತಪ್ಪಿತ್ತು. ಕೆಲಸ ಮಾತ್ರ ತಮ್ಮ ಸುತ್ತೋಲೆಯಂತೆಯೇ ಇತ್ತು.

ತಮ್ಮ ಕಚೇರಿಯಿಂದ ತನಿಖೆಗೆ ಬಂದವರು ಬಂದದ್ದು ಸರಿಯಾಗಿ ಅಂಥ ಮಂಗಳವಾರ. ಒಂದು ಅನಾಮಧೇಯ ದೂರು ಬಂದಿತ್ತಂತೆ. ಅವರು ಅಂಗಳಕ್ಕೆ ಕಾಲಿಟ್ಟಾಗ ಶರಣಬಸಮ್ಮ ಕೆಂಡದ ಮುಂದೆ ಕೂತಿದ್ದರು, ಹಿಂದೆ ನಾಲ್ಕಾರು ಹೆಂಗಸರು ಸರದಿಯಲ್ಲಿದ್ದರು. ಸಾಸಿವೆ, ಬೆಂಕಿ, ಉಗುಳು, ಕಿವಿಯಲ್ಲಿ ಕೆಂಪು ಬೊಟ್ಟು. ಮೀಠ್-ಮೋಹರಿ, ಅಂದರೆ ಉಪ್ಪು-ಸಾಸಿವೆ, ಇಳಿಸಿ ದೃಷ್ಟಿ ತೆಗೆಯುವುದು ಅವರ ಮನೆಯಲ್ಲೂ ಇರುವ ಪದ್ಧತಿಯೇ ಇರಬೇಕು, ಆದ್ದರಿಂದ ಇದೇನು ಎಂದು ಯಾರನ್ನೂ ಕೇಳದೆ ಅರ್ಥ ಮಾಡಿಕೊಂಡರು. ಒಳಗೆ ಬಂದರು. ಮೂಲೆಯಲ್ಲಿ ಸ್ಟವ್ ಮೇಲೆ ಪ್ರೆಶರ್ ಕುಕ್ಕರ್ ಸೀಟಿ ಹಾಕುತ್ತಿತ್ತು. ಏನು ಬೇಯುತ್ತಿದೆ ಎಂದು ಕೇಳಿದರು. ಚೆನ್ನಯ ತಮ್ಮ ಹೋಟೆಲ್ ಹಿಂದಿಯಲ್ಲಿ, “ಸೂಯಿ ಪಕ್ ರಹಾ ಹೈ ಸಾಬ್,” ಎಂದರು. ಸೂಜಿ ಬೇಯುತ್ತಿದೆ ಎಂಬುದು ನಿಜವೇ ಆಗಿತ್ತು. ಪ್ರತಿಯೊಬ್ಬ ರೋಗಿಗೆ ಬೇರೆ ಬೇರೆ ಸೂಜಿ, ಬೇರೆ ಬೇರೆ ಗಾಜಿನ ನಳಿಕೆ, ಅದರ ಮೇಲೆ ಹೆಸರು, ಪ್ರತಿ ಸಲ ಒತ್ತಡದ ಹಬೆಯಲ್ಲಿ ಶುದ್ಧಿ. ಆದರೆ ಮೂವತ್ತು ವರ್ಷ ದೋಸೆ ಹುಯ್ದವರ ಬಾಯಲ್ಲಿ ಆ ಮಾತು ಪಲ್ಯದ ಹೆಸರಿನ ಹಾಗೆ ಕೇಳಿಸಿತೋ ಏನೋ. ವಾರದೊಳಗೆ ನೋಟೀಸು ಬಂತು: ಸದರಿ ಜಾಗದಲ್ಲಿ ಧಾನ್ಯ ಹಾಗೂ ಅಗ್ನಿಯ ಮೂಲಕ ಅಂಧಶ್ರದ್ಧೆಯ ವಿಧಿಗಳು ನಡೆಯುತ್ತಿದ್ದು, ಅನಧಿಕೃತವಾಗಿ ಅಡುಗೆಯೂ ನಡೆಯುತ್ತಿರುವುದು ಕಂಡುಬಂದಿದೆ. ಸೂಜಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ. ಒಂದು ಚಿಕಿತ್ಸಾಲಯವನ್ನು ಅದರ ಚಿಕಿತ್ಸೆಯ ಹೆಸರೆತ್ತದೆ ಮುಚ್ಚುವುದು ಸುಲಭದ ಕೆಲಸವಲ್ಲ; ಇದಕ್ಕಾಗಿ ತಮ್ಮನ್ನು ಅಭಿನಂದಿಸಬೇಕು.

ತಮ್ಮ ಕಳವಳದಲ್ಲಿ ಒಂದು ನಿಜವಾದದ್ದೂ ಇರಬಹುದಿತ್ತು, ಅದನ್ನು ತಾವು ಬರೆಯಲಿಲ್ಲ, ನಾನೇ ಬರೆಯುತ್ತೇನೆ. ಸೂಜಿಯಿಂದ ಕಾಮಾಲೆ ಹರಡುತ್ತದೆ, ಏಡ್ಸ್‌ನಂಥ ಅದಕ್ಕಿಂತ ದೊಡ್ಡ ರೋಗಗಳೂ ಹರಡುತ್ತವೆ. ಈ ವರ್ಷಗಳಲ್ಲಿ ಸೂಜಿ ಎಂದ ಕೂಡಲೇ ಹೆದರುವುದು ತಪ್ಪಲ್ಲ. ತಮ್ಮವರು ಕುಕ್ಕರಿನ ಮುಚ್ಚಳ ತೆಗೆಸಿ, ನಳಿಕೆಗಳನ್ನು ಪರೀಕ್ಷಿಸಿ, ಇದು ಸಾಲದು ಎಂದಿದ್ದರೆ ನಾನು ತಮ್ಮ ಪಕ್ಷದಲ್ಲಿ ನಿಲ್ಲುತ್ತಿದ್ದೆ. ಆದರೆ ಅದೇ ಗಲ್ಲಿಯಲ್ಲಿ ಒಬ್ಬರು ಕೂತಿದ್ದಾರೆ. ಯಾವ ಕಾಲೇಜಿನವರೋ ಗೊತ್ತಿಲ್ಲ. ಜ್ವರಕ್ಕೂ ಸೊಂಟಕ್ಕೂ ಸುಸ್ತಿಗೂ ಒಂದೇ ಇಂಜೆಕ್ಷನ್, ಒಂದೇ ಸಿರಿಂಜಿನಲ್ಲಿ ಕೊಡುತ್ತಾರೆ, ಜೊತೆಗೆ ಕಾಗದದ ಪುಡಿಕೆಯಲ್ಲಿ ಹೆಸರಿಲ್ಲದ ಮೂರು ಬಣ್ಣದ ಮಾತ್ರೆ. ಅವರ ಬಾಗಿಲಿಗೆ ಬೀಗವಿಲ್ಲ. ಅಲ್ಲಿ ಸಾಸಿವೆ ಸುಡುವುದಿಲ್ಲವಲ್ಲ, ಅಂಧಶ್ರದ್ಧೆ ಅಲ್ಲಿ ಬಿಳಿ ಕೋಟು ಹಾಕಿಕೊಂಡಿದೆ.

ಕೋಣೆ ಮುಚ್ಚಿದ ಮೇಲೆ ಶರಣಬಸಮ್ಮ ಹೋದದ್ದು ಅಲ್ಲಿಗೇ. ಡಾಕ್ಟರಮ್ಮ ಇರುವುದು ಠಾಣೆಯ ವರ್ತಕ ನಗರದಲ್ಲಿ. ಮನೆಗೇ ಬಾ, ನೋಡುತ್ತೇನೆ ಎಂದಿದ್ದರು. ಒಮ್ಮೆ ನಾನೇ ಕರೆದುಕೊಂಡು ಹೋದೆ. ತುರ್ಭೆಯಿಂದ ಅಲ್ಲಿಗೆ ಇನ್ನೂ ರೈಲಿಲ್ಲ. ಬಸ್ಸು ಬದಲಿಸಿ, ನಿಂತುಕೊಂಡು, ಹೊಂಡಗಳಲ್ಲಿ ಎತ್ತಿ ಎತ್ತಿ ಹಾಕಿಸಿಕೊಂಡು ಹೋಗಬೇಕು. ಸೂಜಿ ತೆಗೆದ ಮೇಲೆ ಹಗುರವಾದ ನೋವು ವಾಪಸು ಬರುವ ದಾರಿಯಲ್ಲಿ ಬೇಲಾಪುರ ರಸ್ತೆ ಮುಗಿಯುವುದರೊಳಗೆ ಎರಡರಷ್ಟಾಗಿ ಕೂತಿತ್ತು. ಮತ್ತೆ ಅವರು ಬರಲಿಲ್ಲ. ಅರ್ಧ ದಿನದ ಕೆಲಸವೂ ಹೋಗುತ್ತಿತ್ತು. ಅಂದಮೇಲೆ ಗಲ್ಲಿಯ ಪುಡಿಕೆಯೇ ಗತಿ. ಬೆಳಗ್ಗೆ ಬರಿ ಹೊಟ್ಟೆಗೆ ಚಹಾದ ಜೊತೆ ಒಂದು ಪುಡಿಕೆ, ಮಧ್ಯಾಹ್ನ ನೋವು ಎದ್ದರೆ ಇನ್ನೊಂದು. ಕೆಲಸ ನಡೆಯಿತು. ನೋವೂ ಸುಮ್ಮನಿತ್ತು. ಮಲ ಕಪ್ಪಗೆ ಹೋಗುತ್ತಿದೆ ಎಂದು ಒಮ್ಮೆ ನನಗೆ ನಾಚಿಕೆಯಿಂದ ಹೇಳಿದರು, ಉಷ್ಣ ಆಗಿರಬೇಕು ಎಂದು ತಾವೇ ಉತ್ತರವನ್ನೂ ಹೇಳಿಕೊಂಡರು. ಡಾಕ್ಟರಿಗೆ ತೋರಿಸಿ ಎಂದೆ. ತೋರಿಸಿದರು, ಅದೇ ಪುಡಿಕೆಯವರಿಗೆ.

ಗಣಪತಿ ಹಬ್ಬದ ಹಿಂದಿನ ವಾರ, ಹಾಡುಹಗಲಿನಲ್ಲಿ, ಮಾರುಕಟ್ಟೆಯ ಈರುಳ್ಳಿ ರಾಶಿಯ ಪಕ್ಕದಲ್ಲಿ ಅವರು ರಕ್ತ ವಾಂತಿ ಮಾಡಿಕೊಂಡು ಬಿದ್ದರು. ಜೊತೆಗಿದ್ದ ಹೆಂಗಸರು ಮೊದಲು ಅದನ್ನು ಎಲೆಯಡಿಕೆ ಎಂದುಕೊಂಡರಂತೆ. ಸೈದಪ್ಪ ಗಾಡಿಯಿಂದ ಚೀಲ ಇಳಿಸುತ್ತಿದ್ದವರು ಓಡಿ ಬಂದು, ಹೆಂಡತಿಯನ್ನು ಎತ್ತಿ, ಅಭ್ಯಾಸಬಲದಿಂದ ಚೀಲವನ್ನು ಹೊರುವ ಹಾಗೆಯೇ ಬೆನ್ನಿಗೆ ಹಾಕಿಕೊಂಡು ಗೇಟಿನವರೆಗೆ ಓಡಿದರು. ಹಾಗೆ ಹೊತ್ತದ್ದಕ್ಕೆ ಆಸ್ಪತ್ರೆಯಲ್ಲಿ ಬೈಸಿಕೊಂಡರು, ಉಸಿರು ಕಟ್ಟುತ್ತಿತ್ತು ಎಂದು. “ನನಗ್ ಬ್ಯಾರೆ ಹೊರ್ಲಾಕ ಬರಲ್ರಿ,” ಎಂದು ಅವರು ಆಮೇಲೆ ನನಗೆ ಹೇಳಿದರು, ತಪ್ಪು ಮಾಡಿದವರ ಹಾಗೆ.

ಸರ್ಕಾರಿ ಆಸ್ಪತ್ರೆಯವರು ಶರಣಬಸಮ್ಮನನ್ನು ಉಳಿಸಿದರು. ಇದನ್ನೂ ಬರೆಯಬೇಕು, ಬರೆಯುತ್ತೇನೆ. ರಕ್ತ ಕೊಟ್ಟರು, ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿದರು, ನೋವಿನ ಮಾತ್ರೆಗಳಿಂದ ಹುಣ್ಣಾಗಿ ಒಡೆದಿದೆ ಎಂದರು. ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಬಿಡುಗಡೆಯ ದಿನ ನಮ್ಮೆಲ್ಲರ ಮುಂದೆ, ಇನ್ನು ಜನ್ಮದಲ್ಲಿ ನೋವಿನ ಮಾತ್ರೆ ಮುಟ್ಟಬಾರದು, ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಎಚ್ಚರಿಸಿದರು. ಹಾಗಾದರೆ ಸೊಂಟಕ್ಕೆ ಏನು ಮಾಡಲಿ ಎಂದು ಶರಣಬಸಮ್ಮ ಕೇಳಿದರು. ವಿಶ್ರಾಂತಿ ಎಂದರು ಡಾಕ್ಟರು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. ಎಷ್ಟು ತಿರುಗಿಸಿ ಹೇಳಿದರೂ ಈರುಳ್ಳಿ ಆರಿಸುವವರಿಗೆ ಆ ಪದದ ಅರ್ಥ ಕೆಲಸ ಬಿಡು ಎಂದೇ ಆಗುತ್ತಿತ್ತು.

ಅದಾದ ಮೇಲೆ ನಾನು ತಮ್ಮನ್ನು ಕಾಣಲು ಬಂದೆ. ತಮಗೆ ನೆನಪಿರಬಹುದು. ತಮ್ಮ ಕುತ್ತಿಗೆಗೆ ಬಿಳಿಯ ಪಟ್ಟಿ ಇತ್ತು, ಗದ್ದದಿಂದ ಎದೆಯವರೆಗೆ. ನಾನು ಹೇಳಿದ್ದಕ್ಕೆ ತಾವು ಹೌದೆಂದು ತಲೆ ಆಡಿಸುವ ಹಾಗೂ ಇರಲಿಲ್ಲ, ಇಲ್ಲವೆಂದು ಆಡಿಸುವ ಹಾಗೂ ಇರಲಿಲ್ಲ. ಒಬ್ಬ ಅಧಿಕಾರಿಗೆ ಇದಕ್ಕಿಂತ ಅನುಕೂಲವಾದ ಕಾಯಿಲೆ ನನಗೆ ತಿಳಿಯದು. ತಾವು ಸೌಜನ್ಯದಿಂದಲೇ ಇಂಗ್ಲಿಷಿನಲ್ಲಿ ಮಾತಾಡಿದಿರಿ. ಅಕ್ಯುಪಂಕ್ಚರ್ ಕೆಲಸ ಮಾಡುತ್ತದೆ ಎಂಬುದಕ್ಕೆ ಪುರಾವೆ ಏನು ಎಂದು ಕೇಳಿದಿರಿ. ನ್ಯಾಯವಾದ ಪ್ರಶ್ನೆ, ನಾನೂ ಅದನ್ನೇ ಕೇಳಿಕೊಂಡು ಬಂದವಳು. ಕೆಲವು ನೋವುಗಳಿಗೆ ಉಪಯೋಗವಿದೆ ಎಂದು ಹೊರದೇಶದ ವೈದ್ಯರು ಬರೆದದ್ದನ್ನು ಓದಿದ್ದೇನೆ, ಇಲ್ಲವೆಂದು ಬರೆದದ್ದನ್ನೂ ಓದಿದ್ದೇನೆ ಎಂದೆ. ವಿಶ್ರಾಂತಿಯಿಂದ ಈರುಳ್ಳಿ ಆರಿಸುವವರ ಸೊಂಟ ಗುಣವಾಗುತ್ತದೆ ಎಂಬುದಕ್ಕೆ ಪುರಾವೆ ಏನು ಎಂದೂ ಕೇಳಿದೆ. ಕಡತ ಮೇಲಿನವರ ಬಳಿ ಇದೆ ಎಂದಿರಿ. ಎದ್ದೆ. ಅಷ್ಟರಲ್ಲಿ ತಮ್ಮ ಜವಾನ ಚಹಾ ತರಲು ಹೊರಗೆ ಹೋಗಿದ್ದ. ತಾವು ದನಿ ಇಳಿಸಿ, ಅಪ್ಪಟ ಸೊಲ್ಲಾಪುರದ ಕನ್ನಡದಲ್ಲಿ ಕೇಳಿದಿರಿ: “ಬಾಯಿ, ಒಂದ್ ಮಾತ್ ಕೇಳ್ತೀನಿ. ಆ ಡಾಕ್ಟರು ಕುತ್ತಿಗಿಗೂ ಸೂಜಿ ಹಾಕ್ತಾರೇನ್ರಿ?”

ಹಾಕುತ್ತಾರೆ ಎಂದೆ. ಎಲ್ಲಿ ಸಿಗುತ್ತಾರೆ ಎಂದಿರಿ. ತಾವು ಬೀಗ ಹಾಕಿದ ಕೋಣೆಯಲ್ಲಿ ಎಂದೆ.

ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಹಲವು ದಿನ ಯೋಚಿಸಿದೆ. ನೋವಿನಲ್ಲಿರುವವರು ಮೆಲ್ಲಗೆ ಕೇಳಿದ ಮಾತನ್ನು ಬೀದಿಗೆ ತರುವುದು ಸಭ್ಯತೆಯೇ? ಆದರೆ ಕುತ್ತಿಗೆ ನೋವು ಅವಮಾನದ ವಿಷಯವಲ್ಲ. ಇನ್ನೊಂದು ಮಾತೂ ಇದೆ. ಅದುವರೆಗೆ ನಾನು ತಮ್ಮನ್ನು ಹಟಮಾರಿ ಎಂದುಕೊಂಡಿದ್ದೆ. ಆ ಪ್ರಶ್ನೆ ಕೇಳಿದ ಮೇಲೆ ಹಾಗನ್ನಿಸಲಿಲ್ಲ. ಮಾತ್ರೆ ನುಂಗಿ, ಪಟ್ಟಿ ಕಟ್ಟಿ, ಎಲ್ಲ ಮಾಡಿ ನೋಡಿದ ಮೇಲೂ ರಾತ್ರಿ ಮಗ್ಗುಲು ಬದಲಿಸಲಾಗದವರು ಮಾತ್ರ ಹಾಗೆ ಕೇಳುತ್ತಾರೆ. ಆ ಕೋಣೆಯ ಹೊರಗೆ ಕೂತ ಎಲ್ಲರೂ ಹಾಗೆ ಕೇಳಿದವರೇ. ಅವರಲ್ಲಿ ಯಾರಿಗೂ ದೇಹದ ನದಿಗಳ ಮೇಲೆ ನಂಬಿಕೆ ಇರಲಿಲ್ಲ. ನಾಳೆ ಬೆಳಗ್ಗೆ ಕೂರಬೇಕಾಗಿತ್ತು, ನಿಲ್ಲಬೇಕಾಗಿತ್ತು, ಹೊರಬೇಕಾಗಿತ್ತು, ಅಷ್ಟೇ. ತಾವು ಬೇಕಾದರೆ ಕಾರಿನಲ್ಲಿ ವರ್ತಕ ನಗರಕ್ಕೆ ಹೋಗಬಹುದು. ಹೋಗಿ ಬನ್ನಿ ಎಂದೇ ನನ್ನ ಸಲಹೆ; ಡಾಕ್ಟರಮ್ಮ ನೋಟೀಸಿನ ಸಿಟ್ಟನ್ನು ಸೂಜಿಯಲ್ಲಿ ತೀರಿಸುವವರಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ಕೋಣೆ ತೆರೆಯಿರಿ. ಸೂಜಿಗಳನ್ನು ಪರೀಕ್ಷಿಸಲು ತಮ್ಮವರನ್ನು ಬೇಕಾದಷ್ಟು ಸಲ ಕಳಿಸಿ. ಕುಕ್ಕರ್ ಸಾಲದಿದ್ದರೆ ತಮ್ಮ ಆಸ್ಪತ್ರೆಯ ಯಂತ್ರದಲ್ಲೇ ಸೂಜಿ ಶುದ್ಧ ಮಾಡಿಸಿ ಕೊಡಿ. ಒಬ್ಬ ಸರ್ಕಾರಿ ಡಾಕ್ಟರನ್ನು ಜೊತೆಗೆ ಕೂರಿಸಿ, ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂದು ನೋಡಲಿ. ತಮಗೆ ಬೇಕಾದ ಪುರಾವೆ ಮುಚ್ಚಿದ ಕೋಣೆಯಲ್ಲಿ ಹುಟ್ಟುವುದಿಲ್ಲ. ಅಂಗಳದ ಕೆಂಡದ ಡಬ್ಬಿಯನ್ನು ತೆಗೆಸುವ ಹೊಣೆ ನನ್ನದು. ಹೆಂಗಸರೊಡನೆ ಮಾತಾಡಿದ್ದೇನೆ, ಕಾಳುಗಳನ್ನು ಮನೆಗೆ ಒಯ್ದು ಒಲೆಗೆ ಹಾಕಲು ಒಪ್ಪಿದ್ದಾರೆ. ಅವರ ಒಲೆಯವರೆಗೆ ತಮ್ಮ ಅಧಿಕಾರ ಬರುವುದಿಲ್ಲವೆಂದು ನಂಬಿದ್ದೇನೆ. ಇದಕ್ಕೆಲ್ಲ ಮೇಲಿನವರ ಒಪ್ಪಿಗೆ ಬೇಕೆಂದರೆ, ಬೀಗ ಹಾಕುವಾಗ ಅದು ಬೇಕಾಗಿತ್ತೇ ಎಂದು ಕೇಳಬೇಕಾಗುತ್ತದೆ.

ಇಷ್ಟು ಅವಸರ ಯಾಕೆ ಎಂದು ತಾವು ಕೇಳಬಹುದು. ಹೋದ ಭಾನುವಾರ ಶರಣಬಸಮ್ಮನ ಮನೆಗೆ ಹೋಗಿದ್ದೆ. ಅವರು ಮತ್ತೆ ಕೆಲಸಕ್ಕೆ ಹೋಗತೊಡಗಿದ್ದಾರೆ. ಒಂದು ಪಕ್ಕದ ಮೇಲೆ ಭಾರ ಹಾಕಿ, ಇನ್ನೊಂದು ಕಾಲನ್ನು ಉದ್ದಕ್ಕೆ ಚಾಚಿ ಕೂತಿದ್ದರು. ಮಾರುಕಟ್ಟೆಯಲ್ಲಿ ಹಾಗೆ ಕೂರಲು ಜಾಗ ಬಿಡುವುದಿಲ್ಲವಂತೆ. ಮಾತಿನ ನಡುವೆ ಅವರ ಬೆರಳು ಸೆರಗಿನ ತುದಿಯನ್ನು ಸವರುತ್ತಿತ್ತು. ಅಲ್ಲೊಂದು ಸಣ್ಣ ಗಂಟಿತ್ತು. ಏನದು ಎಂದೆ.

“ಗುಳಿಗಿ ಅವರಿ,” ಎಂದರು. “ತಗೊಂಡಿಲ್ಲ. ಇಟ್ಕೊಂಡೀನಿ, ಅಷ್ಟ.”

ಸೈದಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಇದನ್ನು ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದು ನೆನಪಿದೆಯೇ ಎಂದು ನಾನು ಕೇಳಿದೆ. ನನ್ನ ದನಿ ತರಗತಿಯಲ್ಲಿ ಕೇಳಿಸುವ ದನಿಯಾಗಿತ್ತು.

“ನೆನಪದರಿ ಅಕ್ಕೋರೆ. ನುಂಗಿದ್ರ ಸಾಯ್ತೀ ಅಂದಾರ. ನುಂಗ್ಲಿಲ್ಲಂದ್ರ ಕುಂಡ್ರಲಾಕ ಆಗಲ್ಲ. ಕುಂಡ್ರಲಿಲ್ಲಂದ್ರ ಕೆಲಸ ಇಲ್ಲ. ಒಂದೀಟ್ ಜಾಸ್ತಿ ಆದ ದಿನಾ ಬಿಚ್ತೀನಿ. ಇನ್ನಾ ಆ ದಿನ ಬಂದಿಲ್ಲ.”

ಅದನ್ನು ನನಗೆ ಕೊಟ್ಟುಬಿಡಿ ಎಂದು ಕೈ ಚಾಚಿದೆ. ಅವರು ಸೆರಗನ್ನು ಹಿಂದಕ್ಕೆ ಎಳೆದುಕೊಂಡರು, ಸಿಟ್ಟಿನಿಂದಲ್ಲ. “ಸೂಜಿ ಖೋಲಿ ತೆಗಸ್ರಿ,” ಎಂದರು, “ಅವತ್ತೇ ಕೊಡ್ತೀನಿ.”

ಅದಕ್ಕೆ ಉತ್ತರ ಕೊಡುವ ಅಧಿಕಾರ ನನಗಿಲ್ಲ, ತಮಗಿದೆ. ಮಂಗಳವಾರದೊಳಗೆ ಕೊಡಿ.

ಇಂತಿ,
ತಮ್ಮ ಕಚೇರಿಯ ಹೊರಗಿನ ಬೆಂಚಿನಲ್ಲಿ ಸೋಮವಾರವೂ ಬಂದು ಕೂರಲಿರುವ, ತಮಗೆ ಬೇಸರ ತರಿಸುವುದರಲ್ಲಿ ತನಗೂ ಬೇಸರವಿರುವ,
ದಮಯಂತಿ
ವಾಶಿ